ಮೂರನೇ ತಿಂಗಳಲ್ಲಿ ಕನ್ನಡಿ ನೋಡಬೇಡಿ

ಇವತ್ತು ರಾಜಕೀಯ ಬೇಡ. ವಿಧಾನಸೌಧ ಎಲ್ಲಿಗೂ ಓಡಿಹೋಗಲ್ಲ, ನಾಳೆನೂ ಅಲ್ಲೇ ಇರುತ್ತೆ. ಇವತ್ತು ಕೂದಲಿನ ವಿಷಯ ಮಾತಾಡ್ತೀನಿ. ಇಷ್ಟು ಹೊತ್ತಲ್ಲಿ, ಇಷ್ಟು ಜನ ನೋಡೋ ಟೈಮಲ್ಲಿ ಕೂದಲಾ ಅಂತ ನಗೋರು ನಗಬಹುದು. ಆದರೆ ಹೋದ ವಾರ ಇದೇ ಕೂದಲಿಗೋಸ್ಕರ ಅಜ್ಜಂಪುರದ ಒಬ್ಬ ಹುಡುಗ ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಮಾಡಿ ಅತ್ತಿದ್ದಾನೆ. ಇಪ್ಪತ್ತೊಂಬತ್ತು ವರ್ಷದ, ಎದೆ ಎತ್ತರಕ್ಕೆ ಬೆಳೆದ ಗಂಡು ಹುಡುಗ. ಅವನ ಹೆಸರು ನಾನು ಹೇಳಲ್ಲ. ಊರಿನ ಹೆಸರೂ ಅಷ್ಟಕ್ಕೇ ಸಾಕು. ಅಮೃತಮಹಲ್ ಕಾವಲಿನಿಂದ ಬಹಳ ದೂರ ಇಲ್ಲ ಅಂತ ಮಾತ್ರ ತಿಳ್ಕೊಳ್ಳಿ.

ಅವನ ಕಥೆ ಇಷ್ಟು. ನಾಲ್ಕು ವರ್ಷದಿಂದ ಹೆಣ್ಣು ಹುಡುಕ್ತಾ ಇದ್ದರು. ಕೊನೆಗೆ ಕಡೂರು ಕಡೆ ಒಂದು ಸಂಬಂಧ ಕುದುರಿತು. ನಿಶ್ಚಿತಾರ್ಥ ಆಯ್ತು. ನಿಶ್ಚಿತಾರ್ಥದ ಫೋಟೋ ನೋಡಿ ಯಾರೋ ನೆಂಟರು "ಹುಡುಗನಿಗೆ ವಯಸ್ಸೆಷ್ಟು?" ಅಂದರಂತೆ. ಅಷ್ಟು ಸಾಕಾಯ್ತು. ಅವ್ವನ ಸರ ಅಡ ಇಟ್ಟು, ಮನೆಯಲ್ಲಿ ಬೇರೆ ಯಾರಿಗೂ ಹೇಳದೆ, ಪಟ್ಟಣದ ಒಂದು ಕ್ಲಿನಿಕ್‌ಗೆ ಹೋಗಿ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡ. "ನಾಲ್ಕು ತಿಂಗಳಿಗೆ ಮದುವೆ ಇದೆ, ಅಷ್ಟರಲ್ಲಿ ಬರುತ್ತಾ?" ಅಂತ ಕೇಳಿದ್ದಾನೆ. ಅಲ್ಲಿ ಕೂತಿದ್ದವರು "ಆರಾಮಾಗಿ ಬರುತ್ತೆ ಸರ್" ಅಂದಿದ್ದಾರೆ. ಅವನು ನನಗೆ ಫೋನ್ ಮಾಡಿದಾಗ ಎಪ್ಪತ್ತು ದಿನ ಆಗಿತ್ತು. ನೆಟ್ಟ ಕೂದಲು ಅಷ್ಟೂ ದಿಂಬಿನ ಮೇಲೆ ಉದುರಿತ್ತು. ಮದುವೆಗೆ ನಲವತ್ತು ದಿನ ಬಾಕಿ. "ಅಣ್ಣಾ, ಇದ್ದದ್ದೂ ಹೋಯ್ತು, ಅವ್ವನ ಸರನೂ ಹೋಯ್ತು. ಮದುವೆ ಬೇಡ ಅಂತ ಹೇಳಿಬಿಡ್ಲಾ?" ಅಂದ.

ಅವನು ನನಗೇ ಯಾಕೆ ಫೋನ್ ಮಾಡಿದ? ಇದನ್ನ ಹೇಳದೆ ಮುಂದೆ ಹೋದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗಾಗುತ್ತೆ. ಯಾಕಂದ್ರೆ ನಾನೂ ಮಾಡಿಸಿಕೊಂಡಿದ್ದೀನಿ. ಹೌದು, ನೀವು ಈಗ ನೋಡ್ತಾ ಇರೋ ಈ ಮುಂಗೂದಲು ಮೂರು ವರ್ಷದ ಹಿಂದೆ ನನ್ನ ತಲೆಯ ಹಿಂಭಾಗದಲ್ಲಿತ್ತು. ಆಗ ನಾನು ಹದಿನೈದು ದಿನ ರಜೆ ಹಾಕಿ, "ಊರಲ್ಲಿ ಹಬ್ಬ" ಅಂತ ಆಫೀಸಿಗೆ ಹೇಳಿದ್ದೆ. ಊರಿನವರಿಗೆ "ಆಫೀಸ್ ಕೆಲಸ" ಅಂದಿದ್ದೆ. ಊರಲ್ಲಿ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ. ಆ ನಾಲ್ವರಲ್ಲಿ ಒಬ್ಬರು ಈ ಹುಡುಗನಿಗೆ ನನ್ನ ನಂಬರ್ ಕೊಟ್ಟಿದ್ದಾರೆ. ಒಳ್ಳೇದೇ ಆಯ್ತು. ಪ್ರತಿ ರಾತ್ರಿ ಬೇರೆಯವರ ಸುಳ್ಳನ್ನ ಹಿಡಿದು ಪ್ರಶ್ನೆ ಕೇಳೋ ಮನುಷ್ಯ ನಾನು. ಒಂದು ರಾತ್ರಿ ನನ್ನ ಸುಳ್ಳನ್ನೂ ಒಪ್ಪಿಕೊಳ್ತೀನಿ.

ನನಗೆ ಕೂದಲು ಹೋಗೋಕೆ ಶುರುವಾಗಿದ್ದು ಎಂಜಿನಿಯರಿಂಗ್ ಮುಗಿದ ವರ್ಷ. ಮೊದಲು ಹೇಳಿದ್ದು ಡಾಕ್ಟರ್ ಅಲ್ಲ, ಕಡೂರು ಬಸ್‌ಸ್ಟ್ಯಾಂಡ್ ಹತ್ತಿರದ ಕಟಿಂಗ್ ಶಾಪ್‌ನ ಅಣ್ಣ. "ಹಿಂದೆ ಗಟ್ಟಿ ಇದೆ, ಮುಂದೆ ತೆಳ್ಳಗಾಗ್ತಿದೆ, ನೋಡ್ಕೋ" ಅಂದರು. ಅಲ್ಲೇ ಕೂತಿದ್ದ ಇನ್ನೊಬ್ಬರು "ಎಲ್ಲಾ ಬೋರ್‌ವೆಲ್ ನೀರಿನ ಪ್ರಭಾವ" ಅಂತ ತೀರ್ಪು ಕೊಟ್ಟರು. ಬಯಲುಸೀಮೆಯ ನಮ್ಮ ಕಡೆ ಈ ಮಾತು ಪ್ರತಿ ಮನೆಯಲ್ಲೂ ಇದೆ. ಗಡಸು ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಸ್ವಲ್ಪ ಯೋಚನೆ ಮಾಡಿ. ಅದೇ ಚೊಂಬಿನ ನೀರು ತಲೆಯ ಹಿಂಭಾಗಕ್ಕೂ ಬೀಳುತ್ತೆ ಅಲ್ವಾ? ಅಲ್ಲಿ ಯಾಕೆ ಕೂದಲು ಹೋಗಲ್ಲ? ಎಂಥಾ ಬೋಳುತಲೆಯವರನ್ನ ನೋಡಿ, ಕಿವಿಯಿಂದ ಕಿವಿಗೆ ಹಿಂದೆ ಒಂದು ಪಟ್ಟಿ ಉಳಿದೇ ಇರುತ್ತೆ.

ಕಾರಣ ಇರೋದು ನಮ್ಮ ವಂಶದಲ್ಲಿ ಮತ್ತು ಡಿಎಚ್‌ಟಿ ಅನ್ನೋ ಒಂದು ಹಾರ್ಮೋನ್‌ನಲ್ಲಿ. ನೆತ್ತಿ ಮತ್ತು ಹಣೆಯ ಮೇಲಿನ ಕೂದಲಿನ ಬೇರುಗಳು ಕೆಲವರಲ್ಲಿ ಈ ಹಾರ್ಮೋನ್‌ಗೆ ಸೋಲ್ತವೆ. ಪ್ರತಿ ಸಲ ಹುಟ್ಟೋ ಕೂದಲು ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಗೆ ಆಗ್ತಾ ಆಗ್ತಾ ಕೊನೆಗೆ ಕಾಣದ ಹಾಗಾಗುತ್ತೆ. ಹಿಂಭಾಗದ ಬೇರುಗಳು ಮಾತ್ರ ಜಗ್ಗಲ್ಲ. ಅವನ್ನ ಕಿತ್ತು ಮುಂದೆ ನೆಟ್ಟರೂ ಅವು ತಮ್ಮ ಹಳೇ ಗುಣ ಬಿಡಲ್ಲ. ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೈಖ್ 1959ರಲ್ಲಿ ಪ್ರಕಟಿಸಿ ತೋರಿಸಿದ್ದು ಇದನ್ನೇ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1939ರಲ್ಲಿ, ಜಪಾನಿನ ಒಕುಡಾ ಅನ್ನೋ ವೈದ್ಯರು ಸುಟ್ಟಗಾಯದ ಜಾಗಗಳಿಗೆ ಹೀಗೆ ಕೂದಲು ನೆಟ್ಟಿದ್ದರು. ಇವತ್ತು ಮೂಲೆ ಮೂಲೆಯಲ್ಲಿ ನಡೀತಿರೋ ಹೇರ್ ಟ್ರಾನ್ಸ್‌ಪ್ಲಾಂಟ್ ವ್ಯಾಪಾರ ಅಷ್ಟೂ ಈ ಒಂದು ಸತ್ಯದ ಮೇಲೆ ನಿಂತಿದೆ.

ಇದಕ್ಕೆ ಕನ್ನಡದಲ್ಲಿ ಕೂದಲು ಕಸಿ ಅಂತೀವಿ. ನಮ್ಮ ರೈತರಿಗೆ ಕಸಿ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ತರೀಕೆರೆ ಕಡೆ ನಮ್ಮ ಸೋದರಮಾವನ ತೋಟ ಇದೆ. ನಾನು ಮೂರನೇ ತಿಂಗಳಲ್ಲಿ ಟೋಪಿ ಹಾಕ್ಕೊಂಡು ಅವರ ಮನೆಗೆ ಹೋಗಿ ಮುಖ ಸಪ್ಪಗೆ ಮಾಡಿ ಕೂತಿದ್ದಾಗ ಅವರು ಒಂದೇ ಮಾತು ಕೇಳಿದರು: "ಅಡಿಕೆ ಸಸಿ ನೆಟ್ಟು ಮೂರನೇ ತಿಂಗಳಿಗೆ ಗೊನೆ ಎಲ್ಲಿ ಅಂತ ಕೇಳಿದ್ರೆ ಊರವರು ಏನಂತಾರೆ?" ನಾನು ಸುಮ್ಮನಾದೆ. ಭದ್ರಾ ಅಣೆಕಟ್ಟಿನ ಕೆಳಗೆ ಭತ್ತ ಬೆಳೆಯೋರನ್ನ ಕೇಳಿ. ನಾಟಿ ಮಾಡಿದ ವಾರ ಪೈರು ಹಳದಿಗೆ ತಿರುಗಿ ತಲೆ ಬಗ್ಗಿಸುತ್ತೆ. ಹೊಸಬ ಹೆದರ್ತಾನೆ. ಹಳಬ ಬದುವಿನ ಮೇಲೆ ನಿಂತು ಬೀಡಿ ಹಚ್ತಾನೆ.

ಸರಿ, ಈಗ ಕ್ಯಾಲೆಂಡರ್‌ಗೆ ಬರೋಣ. ಆ ಹುಡುಗನಿಗೆ ಫೋನಲ್ಲಿ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಮನೆಯಲ್ಲಿ ಯಾರಾದರೂ ಮಾಡಿಸಿಕೊಳ್ಳೋರಿದ್ದರೆ ಬರೆದಿಟ್ಟುಕೊಳ್ಳಿ.

ಮೊದಲ ವಾರ. ಮೂರು ನಾಲ್ಕನೇ ದಿನಕ್ಕೆ ಹಣೆ ಊದಬಹುದು, ಊತ ಕಣ್ಣಿನವರೆಗೂ ಇಳಿಯಬಹುದು. ಕನ್ನಡಿಯಲ್ಲಿ ಬೇರೆ ಯಾರೋ ಕಾಣ್ತಾರೆ. ಇದು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತೆ. ತಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಬಗ್ಗಿ ಭಾರ ಎತ್ತಬಾರದು. ಕೆರೆಯಬಾರದು. ನೆಟ್ಟ ಪ್ರತಿ ಬೇರಿನ ಸುತ್ತ ಸಣ್ಣ ಸಣ್ಣ ಹಕ್ಕಳೆ ಕಟ್ಟುತ್ತೆ. ಡಾಕ್ಟರ್ ಹೇಳಿದ ರೀತಿಯಲ್ಲೇ ಮೆತ್ತಗೆ ತೊಳೆದರೆ ಹತ್ತು ಹದಿನಾಲ್ಕು ದಿನದಲ್ಲಿ ಅವು ತಾನಾಗೇ ಬೀಳ್ತವೆ. ಬೇರು ಚರ್ಮವನ್ನ ಗಟ್ಟಿಯಾಗಿ ಹಿಡಿಯೋಕೆ ಸುಮಾರು ಹತ್ತು ದಿನ ಬೇಕು. ಹಳ್ಳಿಯಲ್ಲಿರೋರಿಗೆ ಇಲ್ಲೇ ಕಷ್ಟ. ಡಾಕ್ಟರ್ ಹೇಳೋವರೆಗೆ ಹೆಲ್ಮೆಟ್ ಹಾಕೋ ಹಾಗಿಲ್ಲ. ಹಾಗಂತ ಹೆಲ್ಮೆಟ್ ಇಲ್ಲದೆ ಹೈವೇಗೆ ಬೈಕ್ ಇಳಿಸಬೇಡಿ ಮಾರಾಯ್ರೇ, ಬಸ್ಸಲ್ಲಿ ಹೋಗಿ. ಧೂಳು, ಬಿಸಿಲು, ತೋಟಕ್ಕೆ ಮೈಲುತುತ್ತು ಹೊಡೆಯೋದು ಇವೆಲ್ಲ ಸ್ವಲ್ಪ ದಿನ ಬೇರೆಯವರಿಗೆ ಬಿಡಿ.

ಎರಡನೇ ವಾರದಿಂದ ಎಂಟನೇ ವಾರ. ಇಲ್ಲಿ ಗಮನ ಇಟ್ಟು ಕೇಳಿ, ಅಜ್ಜಂಪುರದ ಹುಡುಗ ಅತ್ತಿದ್ದು ಇದಕ್ಕೇ. ನೆಟ್ಟ ಕೂದಲಿನಲ್ಲಿ ಬಹುಪಾಲು ಈ ಅವಧಿಯಲ್ಲಿ ಉದುರುತ್ತೆ. ಉದುರಲೇಬೇಕು ಅಂತಲೇ ಅಂದುಕೊಳ್ಳಿ. ಬೇರನ್ನ ಕಿತ್ತು ಇನ್ನೊಂದು ಕಡೆ ಇಟ್ಟ ಆಘಾತಕ್ಕೆ ಅದು ತನ್ನ ಕೂದಲನ್ನ ಕೈಬಿಟ್ಟು ವಿಶ್ರಾಂತಿಗೆ ಹೋಗುತ್ತೆ. ಬಿದ್ದದ್ದು ಕೂದಲಿನ ಕಡ್ಡಿ. ಬೇರು ಚರ್ಮದ ಒಳಗೇ ಇದೆ. ಶುಂಠಿ ಬೆಳೆದವರಿಗೆ ಗೊತ್ತು, ಮೇಲಿನ ಎಲೆ ಒಣಗಿ ಬಿದ್ದರೂ ಗೆಡ್ಡೆ ಮಣ್ಣೊಳಗೆ ಜೀವ ಹಿಡಿದಿರುತ್ತೆ. ಇನ್ನೊಂದು ವಿಷಯ. ಸುತ್ತಮುತ್ತ ಮೊದಲೇ ಇದ್ದ ನಮ್ಮ ಸ್ವಂತ ಕೂದಲಲ್ಲೂ ಕೆಲವು ಈ ಆಘಾತಕ್ಕೆ ಬೀಳಬಹುದು. ಹಾಗಾಗಿ ಎರಡು ಮೂರನೇ ತಿಂಗಳಲ್ಲಿ ತಲೆ ಆಪರೇಷನ್‌ಗೆ ಮೊದಲು ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣಬಹುದು. ನನಗೂ ಹಾಗೇ ಕಂಡಿತ್ತು. ಮೇಕಪ್ ರೂಮಿನ ಹುಡುಗ ಕಪ್ಪು ಪುಡಿ ಉದುರಿಸಿ ಉದುರಿಸಿ ಕ್ಯಾಮೆರಾ ಮುಂದೆ ಕೂರಿಸ್ತಿದ್ದ.

ಮದುವೆಯಾದ ಹೊಸದರಲ್ಲಿ ಆಷಾಢ ಬರುತ್ತಲ್ಲ, ಹೆಂಡತಿ ತವರಿಗೆ ಹೋಗಿರ್ತಾಳೆ, ಮನೆ ಬಿಕೋ ಅನ್ನುತ್ತೆ. ಮೂರನೇ ತಿಂಗಳು ತಲೆಗೆ ಆಷಾಢ. ಹೋದವಳು ಬರ್ತಾಳೆ ಅಂತ ಗೊತ್ತಿರೋನು ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ, ಗೊತ್ತಿಲ್ಲದೋನು ಒದ್ದಾಡ್ತಾನೆ. ಹಾಗಾಗಿ ಈ ತಿಂಗಳು ಕನ್ನಡಿ ನೋಡಬೇಡಿ ಅಂತೀನಿ. ನೋಡೋದಾದ್ರೆ ತಿಂಗಳಿಗೊಂದು ಸಲ, ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ ಫೋಟೋ ತೆಗೆದು ಇಟ್ಟುಬಿಡಿ. ದಿನಾ ನೋಡಿದರೆ ಬೆಳೆ ಬೆಳೆದದ್ದು ಕಾಣಲ್ಲ.

ಮೂರೂವರೆ, ನಾಲ್ಕನೇ ತಿಂಗಳು. ಚಿಗುರು ಬರುತ್ತೆ. ಆದರೆ ಮಗುವಿನ ಕೂದಲಿನ ಹಾಗೆ ತೆಳ್ಳಗೆ, ಸ್ವಲ್ಪ ಸುರುಳಿ, ಬಣ್ಣನೂ ಕಮ್ಮಿ. ಕೂದಲು ಚರ್ಮ ಸೀಳಿಕೊಂಡು ಬರೋವಾಗ ಕೆಲವರಿಗೆ ಸಣ್ಣ ಮೊಡವೆ ಏಳುತ್ತೆ. ಚಿವುಟಬೇಡಿ. ಜಾಸ್ತಿ ಆದರೆ ಡಾಕ್ಟರಿಗೆ ತೋರಿಸಿ.

ಆರನೇ ತಿಂಗಳು. ಈಗ ಬೇರೆಯವರ ಕಣ್ಣಿಗೆ ಬೀಳುತ್ತೆ. ಅಂದಾಜು ಅರ್ಧ ಫಲ ಬಂದಿರುತ್ತೆ. ಒಂಬತ್ತನೇ ತಿಂಗಳಿಗೆ ದಪ್ಪ ಆಗುತ್ತೆ, ಬಾಚಿದರೆ ಮಾತು ಕೇಳುತ್ತೆ. ಹನ್ನೆರಡನೇ ತಿಂಗಳಿಗೆ ಮುಂಭಾಗದ ಫಲಿತಾಂಶ ಹೆಚ್ಚು ಕಮ್ಮಿ ಪೂರ್ತಿ. ನೆತ್ತಿಯ ಸುಳಿಯ ಜಾಗ ನಿಧಾನ, ಅದಕ್ಕೆ ಹದಿನೈದು ಹದಿನೆಂಟು ತಿಂಗಳು ಬೇಕಾಗಬಹುದು.

ಯಾಕೆ ಇಷ್ಟು ನಿಧಾನ? ಎಂಜಿನಿಯರ್ ಬುದ್ಧಿ ಬಿಡಲ್ಲ ನೋಡಿ, ಲೆಕ್ಕ ಹಾಕೋಣ. ನಮ್ಮ ತಲೆಕೂದಲು ತಿಂಗಳಿಗೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟು ಬಂದವರನ್ನ ನೆನಪಿಸಿಕೊಳ್ಳಿ. ಬಾಚಣಿಗೆಗೆ ಸಿಗೋಕೆ ಮೂರು ನಾಲ್ಕು ತಿಂಗಳು ಆಗುತ್ತಲ್ವಾ? ಅವರದ್ದು ಎಲ್ಲಾ ಬೇರುಗಳೂ ಆರೋಗ್ಯವಾಗಿದ್ದು, ಕತ್ತರಿಸಿದ ಮಾರನೇ ದಿನದಿಂದಲೇ ಬೆಳೀತಾ ಇರ್ತವೆ. ಕಸಿಯಲ್ಲಿ ಬೇರು ಮೊದಲು ಮೂರು ತಿಂಗಳು ಮಲಗುತ್ತೆ. ಏಳೋದೂ ಎಲ್ಲ ಒಂದೇ ದಿನ ಏಳಲ್ಲ. ಒಂದು ಮೂರನೇ ತಿಂಗಳಿಗೆ, ಒಂದು ಐದಕ್ಕೆ, ಇನ್ನೊಂದು ಎಂಟಕ್ಕೆ. ಎದ್ದ ಮೇಲೆ ತಿಂಗಳಿಗೆ ಒಂದೇ ಸೆಂಟಿಮೀಟರ್. ಯಾವ ಪಿಆರ್‌ಪಿ ಇಂಜೆಕ್ಷನ್ ಕೊಟ್ಟರೂ, ಎಷ್ಟು ದುಡ್ಡು ಸುರಿದರೂ, ನಾಲ್ಕು ತಿಂಗಳಿಗೆ ತಲೆತುಂಬ ಕೂದಲು ಈ ಲೆಕ್ಕದಲ್ಲಿ ಬರಲ್ಲ. ನಾಲ್ಕು ತಿಂಗಳು ಅಂತ ಹೇಳಿದವರು ಆ ಹುಡುಗನ ಆತುರ ನೋಡಿ ಹೇಳಿದರು, ತಲೆ ನೋಡಿ ಹೇಳಲಿಲ್ಲ.

ಎರಡನೇ ಲೆಕ್ಕ, ಇದು ಇನ್ನೂ ಮುಖ್ಯ. ಹುಟ್ಟಿನಿಂದ ಬಂದ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಒಂದು ಚದರ ಸೆಂಟಿಮೀಟರಿಗೆ 80ರಿಂದ 100 ಗೊಂಚಲು, ಒಂದೊಂದು ಗೊಂಚಲಿನಲ್ಲಿ ಒಂದರಿಂದ ನಾಲ್ಕು ಕೂದಲು. ಈ ಗೊಂಚಲಿಗೇ ಗ್ರಾಫ್ಟ್ ಅನ್ನೋದು. ಕಸಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ 30ರಿಂದ 45 ಗ್ರಾಫ್ಟ್ ಕೂರಿಸ್ತಾರೆ. ಅಂದ್ರೆ ಮೊದಲಿನ ದಟ್ಟಣೆಯ ಅರ್ಧ. ನನಗೆ ಹಾಕಿದ್ದು 2,200 ಗ್ರಾಫ್ಟ್, ನಾಲ್ಕೂವರೆ ಸಾವಿರದಷ್ಟು ಕೂದಲು. ಜೋರು ಗಾಳಿ ಬೀಸಿದರೆ ನನ್ನ ನೆತ್ತಿ ಇವತ್ತಿಗೂ ಕಾಣುತ್ತೆ. ಇನ್ನು ಹಿಂಭಾಗದಿಂದ ಜೀವಮಾನಕ್ಕೆ ತೆಗೆಯಬಹುದಾದದ್ದು ಬಹಳ ಜನಕ್ಕೆ ಐದಾರು ಸಾವಿರ ಗ್ರಾಫ್ಟ್. ಪೂರ್ತಿ ಬೋಳಾದ ತಲೆಯ ಜಾಗ ಸುಮಾರು 200 ಚದರ ಸೆಂಟಿಮೀಟರ್. ಚದರಕ್ಕೆ 40 ಅಂದರೂ 8,000 ಗ್ರಾಫ್ಟ್ ಬೇಕು. ಇರೋದು ಆರು ಸಾವಿರ. ಕೊರತೆ ಬಜೆಟ್. ಇಲ್ಲಿ ಸಾಲ ಕೊಡೋರೂ ಯಾರೂ ಇಲ್ಲ. ಹಾಗಾಗಿ ಒಳ್ಳೆಯ ಡಾಕ್ಟರ್ ಮುಂಭಾಗಕ್ಕೆ ಮೊದಲು ಹಾಕಿ, ನೆತ್ತಿಗೆ ಉಳಿದದ್ದನ್ನ ನೋಡೋಣ ಅಂತಾರೆ. ಹದಿನೆಂಟು ವಯಸ್ಸಿನ ತಲೆ ವಾಪಸ್ ಕೊಡ್ತೀವಿ ಅನ್ನೋರ ಮಾತು ಕೇಳಿದ ಕೂಡಲೇ ಎದ್ದು ಬನ್ನಿ.

ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗರಿಗೆ ಒಂದು ಮಾತು. ನಿಮ್ಮ ಕೂದಲು ಎಲ್ಲಿವರೆಗೆ ಹೋಗುತ್ತೆ ಅಂತ ಇನ್ನೂ ಗೊತ್ತಾಗಿಲ್ಲ. ಈಗ ಮುಂದೆ ನೆಟ್ಟರೆ, ನಾಳೆ ಅದರ ಹಿಂದಿನ ನಿಮ್ಮ ಸ್ವಂತ ಕೂದಲು ಹೋಗಿ, ನೆಟ್ಟದ್ದು ಮಾತ್ರ ನಡುಗಡ್ಡೆ ತರಹ ಉಳಿಯುತ್ತೆ. ಕಸಿ ಇರೋ ಕೂದಲನ್ನ ಕಾಯಲ್ಲ. ಅದಕ್ಕೆ ಔಷಧಿ ಬೇರೆ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಅಂತ ಎರಡು ಇವೆ. ಎರಡನೆಯದು ಕೆಲವರಲ್ಲಿ ಲೈಂಗಿಕ ತೊಂದರೆ ತರಬಹುದು, ಡಾಕ್ಟರ್ ಅದನ್ನ ಬಾಯಿಬಿಟ್ಟು ಹೇಳಬೇಕು, ನೀವೂ ನಾಚಿಕೆ ಬಿಟ್ಟು ಕೇಳಬೇಕು. ಮೆಡಿಕಲ್ ಶಾಪ್‌ಗೆ ಹೋಗಿ ನೀವೇ ತಗೊಂಡು ನುಂಗಬೇಡಿ. ಇನ್ನು ಟೈಫಾಯ್ಡ್, ಡೆಂಗಿ ಆಗಿ ಎರಡು ಮೂರು ತಿಂಗಳಿಗೆ ಕೂದಲು ಉದುರಿದರೆ ಬಹುಪಾಲು ತಾನಾಗೇ ವಾಪಸ್ ಬರುತ್ತೆ. ನಾಣ್ಯದ ಹಾಗೆ ದುಂಡಗೆ ಕೂದಲು ಹೋದರೆ ಅದು ಬೇರೆ ಕಾಯಿಲೆ. ಥೈರಾಯ್ಡ್, ರಕ್ತಹೀನತೆಯಿಂದಲೂ ಹೋಗುತ್ತೆ. ಇವಕ್ಕೆಲ್ಲ ಕಸಿ ಮದ್ದಲ್ಲ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.

ಎಣ್ಣೆ ಹಚ್ಚಿದರೆ ಬರುತ್ತಾ ಅಂತ ಕೇಳ್ತೀರಿ. ಎಣ್ಣೆ ಇರೋ ಕೂದಲಿಗೆ ಹೊಳಪು ಕೊಡುತ್ತೆ, ತಲೆಗೆ ತಂಪು ಕೊಡುತ್ತೆ, ಅವ್ವನ ಕೈಯಲ್ಲಿ ಹಚ್ಚಿಸಿಕೊಂಡರೆ ನಿದ್ದೆನೂ ಬರುತ್ತೆ. ಮುಚ್ಚಿಹೋದ ಬೇರನ್ನ ಎಬ್ಬಿಸಲ್ಲ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಗುಣಪಡಿಸ್ತೀವಿ ಅಂತ ಔಷಧಿಯವರು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿ. ಅದರಲ್ಲಿ ಬೋಳುತಲೆನೂ ಇದೆ. ಆದರೂ ಜಾಹೀರಾತು ಬರ್ತಾನೇ ಇವೆ. ನಮ್ಮ ಟಿವಿಗಳಲ್ಲೂ ಬಂದಿವೆ. ಅದನ್ನೂ ಒಪ್ಪಿಕೊಳ್ತೀನಿ.

ಈಗ ಭಯದ ವಿಷಯ. ಕೂದಲು ಬರದಿದ್ದರೆ ದುಡ್ಡು ಹೋಯ್ತು ಅಷ್ಟೇ. ಜೀವ ಹೋದರೆ? 2019ರಲ್ಲಿ ಮುಂಬೈಯಲ್ಲಿ ಒಂದೇ ಸಲಕ್ಕೆ ಸಾವಿರಾರು ಗ್ರಾಫ್ಟ್ ಹಾಕಿಸಿಕೊಂಡ 43 ವರ್ಷದ ವ್ಯಾಪಾರಿಯೊಬ್ಬರು ಎರಡು ದಿನಕ್ಕೆ ತೀರಿಕೊಂಡರು. 2025ರಲ್ಲಿ ಉತ್ತರ ಪ್ರದೇಶದ ಕಾನ್ಪುರದಲ್ಲಿ ಕಸಿ ಆದ ಮೇಲೆ ಒಬ್ಬ ಎಂಜಿನಿಯರ್ ಸತ್ತರು, ಕಸಿ ಮಾಡಿದ್ದು ದಂತವೈದ್ಯೆ ಅನ್ನೋ ಆರೋಪದ ಮೇಲೆ ಪೊಲೀಸ್ ಕೇಸ್ ಆಯ್ತು. ಇಂಥವು ಅಪರೂಪ. ಸರಿಯಾದ ಕೈಯಲ್ಲಿ ಇದು ಸುರಕ್ಷಿತವಾದ ಚಿಕಿತ್ಸೆ. ಆದರೆ ಇದು ಕಟಿಂಗ್ ಅಲ್ಲ, ಆಪರೇಷನ್. ಗಂಟೆಗಟ್ಟಲೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ. ಬಿಪಿ, ಶುಗರ್, ರಕ್ತಪರೀಕ್ಷೆ ಮಾಡದೆ ಕುರ್ಚಿಗೆ ಕೂರಿಸೋ ಜಾಗಕ್ಕೆ ಕಾಲಿಡಬೇಡಿ.

2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪ್ಲಾಸ್ಟಿಕ್ ಸರ್ಜರಿ ಓದಿದವರು, ಚರ್ಮರೋಗದಲ್ಲಿ ಎಂ.ಡಿ. ಮಾಡಿದವರು, ಹೀಗೆ ತರಬೇತಿ ಇರೋ ವೈದ್ಯರೇ ಮಾಡಬೇಕು. ಯೂಟ್ಯೂಬ್ ನೋಡಿ ಕಲಿತರೆ ಸಾಲದು ಅಂತ ಅದರಲ್ಲೇ ಬರೆದಿದ್ದಾರೆ. ಸರ್ಕಾರಿ ಕಾಗದದಲ್ಲಿ ಯೂಟ್ಯೂಬ್ ಹೆಸರು ಬರೀಬೇಕಾಯ್ತು ಅಂದ್ರೆ ಪರಿಸ್ಥಿತಿ ಹೇಗಿರಬೇಕು ಯೋಚನೆ ಮಾಡಿ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆಗಳು ಇವು. ಡಾಕ್ಟರ್ ಹೆಸರೇನು, ಓದಿದ್ದೇನು, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಎಷ್ಟು? ತಲೆಗೆ ರಂಧ್ರ ಮಾಡೋರು ಅವರೇನಾ, ಇಲ್ಲಾ ಅವರು ಬಂದು ಕೈಬೀಸಿ ಹೋಗಿ ಟೆಕ್ನಿಶಿಯನ್ ಮಾಡ್ತಾರಾ? ಎಷ್ಟು ಗ್ರಾಫ್ಟ್, ಎಷ್ಟು ದುಡ್ಡು ಅನ್ನೋದು ಬರವಣಿಗೆಯಲ್ಲಿ ಇದೆಯಾ? ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಅದರ ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸೋ ಹಾಗಿಲ್ಲ. ಆ ಸರ್ಟಿಫಿಕೇಟ್ ಗೋಡೆ ಮೇಲಿದೆಯಾ ನೋಡಿ. ದುಡ್ಡಿನ ಬಗ್ಗೆನೂ ಎಚ್ಚರ. ಬೇರೆ ಚಿಕಿತ್ಸೆಗೆ ಇರೋ ಜಿಎಸ್‌ಟಿ ವಿನಾಯಿತಿ ಸೌಂದರ್ಯಕ್ಕೆ ಮಾಡಿಸೋ ಕೂದಲು ಕಸಿಗೆ ಇಲ್ಲ. ಇನ್ಶೂರೆನ್ಸ್ ನಂಬಿಕೊಂಡು ಹೋಗಬೇಡಿ. ಮೋಸ ಆಗಿದೆ ಅನ್ನಿಸಿದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಬಿಲ್ಲು ಮತ್ತು ಫೋಟೋ ಜೋಪಾನ ಮಾಡಿ. ಕಸಿಯಾದ ಜಾಗದಲ್ಲಿ ಕೀವು, ಜ್ವರ, ಚರ್ಮ ಕಪ್ಪಗಾಗೋದು, ಹೆಚ್ಚಾಗ್ತಾ ಹೋಗೋ ನೋವು, ಇವು ಕಂಡರೆ ಕ್ಲಿನಿಕ್‌ನವರು ಫೋನ್ ಎತ್ತಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ. ಆ ಹುಡುಗ ಅಷ್ಟು ಆತುರಪಟ್ಟಿದ್ದು ಯಾಕೆ? ನಮ್ಮ ಕಡೆ ಜಮೀನು ಮಾಡೋ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ. ಇದು ಕಡೂರು, ತರೀಕೆರೆ, ಅಜ್ಜಂಪುರದ ಕಥೆ ಮಾತ್ರ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಾವು ಟಿವಿಯವರು ಅದನ್ನ ತಮಾಷೆ ಸುದ್ದಿ ಮಾಡಿದೆವು. ಮಳೆ ಕೈಕೊಟ್ಟು, ರೇಟು ಕೈಕೊಟ್ಟು, ಕೊನೆಗೆ ಸಂಬಂಧ ಕೂಡಿ ಬಂದಾಗ ಕೂದಲೂ ಕೈಕೊಟ್ಟರೆ ಆ ಹುಡುಗನ ಮನಸ್ಸು ಹೇಗಿರುತ್ತೆ? 2017ರಲ್ಲಿ ರಾಜ್ ಬಿ. ಶೆಟ್ಟಿ "ಒಂದು ಮೊಟ್ಟೆಯ ಕಥೆ" ಸಿನಿಮಾ ಮಾಡಿದಾಗ ನಾವೆಲ್ಲ ನಕ್ಕೆವು. ಆ ಚಿತ್ರದ ಬೋಳುತಲೆಯ ಮೇಷ್ಟ್ರನ್ನ ನೋಡಿ ಥಿಯೇಟರಿನಲ್ಲಿ ಸುಮ್ಮನೆ ಕೂತಿದ್ದವರೂ ಇದ್ದರು. ನಾನು ಆ ಸಾಲಿನಲ್ಲಿದ್ದೆ.

ದೇವರಿಗೆ ಮುಡಿ ಕೊಟ್ಟವನ ತಲೆ ನೋಡಿ ನಾವು ಕೈ ಮುಗಿದು ಮಾತಾಡಿಸ್ತೀವಿ. ವಂಶದಿಂದ ಕೂದಲು ಹೋದವನ ತಲೆ ನೋಡಿ ನಗ್ತೀವಿ. ತಲೆ ಎರಡೂ ಒಂದೇ ತರಹ ಇರುತ್ತೆ.

ಅಜ್ಜಂಪುರದ ಹುಡುಗನಿಗೆ ಆ ರಾತ್ರಿ ಎರಡು ವಿಷಯ ಹೇಳಿದೆ. ಒಂದು, ತಮ್ಮಾ, ಕಿತ್ತು ಬಂದಿರೋದು ಕಡ್ಡಿ, ಬೇರು ಇದೆ, ನಿನ್ನ ಮದುವೆ ದಿನಕ್ಕೆ ಮೂರೂವರೆ ತಿಂಗಳು ಆಗಿರುತ್ತೆ, ಏನೂ ಕಾಣಲ್ಲ, ಅದನ್ನ ಈಗಲೇ ಒಪ್ಪಿಕೋ. ಹೇಗಿದ್ದರೂ ಧಾರೆ ಹೊತ್ತಿಗೆ ತಲೆ ಮೇಲೆ ಪೇಟ ಇರುತ್ತೆ. ಎರಡು, ಮದುವೆಯಾಗೋ ಹುಡುಗಿಗೆ ನೀನೇ ಹೇಳು. ಸರ ಅಡ ಇಟ್ಟದ್ದನ್ನೂ ಹೇಳು. ಅವಳು ಬೇಡ ಅಂದರೆ ಈಗಲೇ ಗೊತ್ತಾಗಲಿ. ಮುಚ್ಚಿಟ್ಟು ಮದುವೆಯಾದರೆ ನೀನು ಜೀವನ ಪೂರ್ತಿ ದಿಂಬು ಕೊಡವಿಕೊಂಡು ಎದ್ದೇಳಬೇಕಾಗುತ್ತೆ.

ಅವನಿಗೆ ಧೈರ್ಯ ಬರೋಕೆ ಮೂರು ದಿನ ಬೇಕಾಯ್ತು. ಹೇಳಿದ. ಆ ಹುಡುಗಿ ಎರಡು ದಿನ ಫೋನ್ ಎತ್ತಲಿಲ್ಲವಂತೆ. ಕೂದಲಿಗಲ್ಲ, ಸರ ಅಡ ಇಟ್ಟದ್ದಕ್ಕೆ ಸಿಟ್ಟು. "ಅತ್ತೆ ಕುತ್ತಿಗೆ ಖಾಲಿ ಮಾಡಿ ನನ್ನ ಪಕ್ಕ ಚೆನ್ನಾಗಿ ಕಾಣ್ಬೇಕಿತ್ತಾ ನಿಮಗೆ?" ಅಂತ ಮೂರನೇ ದಿನ ಫೋನ್ ಮಾಡಿ ಬೈದಿದ್ದಾಳೆ. ಆಮೇಲೆ ಸಂಜೆ ಅವಳ ಅಣ್ಣ ಫೋನ್ ಮಾಡಿದ್ದಾನೆ. ಸಂಬಂಧ ಮುರೀತಾರೇನೋ ಅಂತ ಇವನ ಎದೆ ಡವಡವ. ಆ ಅಣ್ಣ ದನಿ ತಗ್ಗಿಸಿ ಕೇಳಿದ್ದು ಇಷ್ಟೇ: "ಭಾವಾ, ಒಟ್ಟು ಎಷ್ಟಾಯ್ತು? ನನಗೂ ಮುಂದೆ ಹೋಗ್ತಾ ಇದೆ."

ಮದುವೆ ನಿಗದಿಯಾದ ದಿನಕ್ಕೇ ನಡೆಯುತ್ತೆ. ಈರುಳ್ಳಿ ದುಡ್ಡು ಬಂದ ಮೇಲೆ ಮೊದಲು ಸರ ಬಿಡಿಸಿಕೊಂಡು ಬರಬೇಕು ಅಂತ ಹುಡುಗಿ ಕಂಡೀಶನ್ ಹಾಕಿದ್ದಾಳೆ. ಆ ಕಂಡೀಶನ್ ನನಗೂ ಸರಿ ಅನ್ನಿಸಿತು. ಅವಳ ಅಣ್ಣನಿಗೆ ನಾನು ಹೇಳಿ ಕಳಿಸಿರೋದು, ವರ್ಷದ ಲೆಕ್ಕ ಇಟ್ಟುಕೊಂಡು ಹೋಗು, ಮದುವೆಗೆ ಕಮ್ಮಿ ಅಂದ್ರೂ ಹನ್ನೆರಡು ತಿಂಗಳು ಇದ್ದಾಗ ಮಾಡಿಸು, ಸಾಲ ಮಾಡಿ ಮಾಡಿಸಬೇಡ, ಮಾಡಿಸದಿದ್ದರೂ ಏನೂ ಕೊರತೆ ಇಲ್ಲ.

ನಾಳೆಯಿಂದ ನನ್ನ ಕೂದಲಿನ ಬಗ್ಗೆ ನೀವು ಏನು ಬೇಕಾದರೂ ಕೇಳಬಹುದು. ನಾನು ಇಲ್ಲೇ ಇರ್ತೀನಿ, ಇದೇ ಕುರ್ಚಿಯಲ್ಲಿ. ನಿಮ್ಮ ಮನೆಯಲ್ಲಿ ಟೋಪಿ ಹಾಕ್ಕೊಂಡು ಓಡಾಡ್ತಿರೋ ಹುಡುಗ ಯಾರಾದರೂ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನ ತಲೆ ಬಗ್ಗೆ ಮಾತಾಡಬೇಡಿ. ಹೇಗಿದ್ದೀಯಪ್ಪಾ ಅಂತ ಕೇಳಿ. ಹೇಳೋದಿದ್ದರೆ ಅವನೇ ಹೇಳ್ತಾನೆ.